ಸಿಸ್ಟರ್ ಮತ್ತು ಅವರ ಪಾರ್ಲಿಮೆಂಟು

ಮಕ್ಕಳೇ, ಹೋದ ವಾರ ಸ್ಕಾಟ್ಲೆಂಡಿನಿಂದ ಫೋನು ಬಂದಾಗ ನೀವಿಬ್ಬರೂ ಇಲ್ಲೇ ಸೋಫಾದ ಮೇಲೆ ಕೂತಿದ್ದಿರಿ. ನಾನು ಫೋನಿಟ್ಟು ಅಡುಗೆಮನೆಗೆ ಹೋದೆ. “ಹೂ ವಾಸ್ ಇಟ್, ಅಜ್ಜಿ?” ಎಂದು ಕೇಳಿದಿರಿ. ಹೇಳಬೇಕು ಎಂದುಕೊಂಡೆ, ಅಷ್ಟನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಲು ನನಗೆ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮಪ್ಪ ಓದಿ ಹೇಳಲಿ.

ಫೋನು ಮಾಡಿದವರು ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸಿಸ್ಟರ್ ಅವರ ತಮ್ಮ. ಸಿಸ್ಟರ್ ತೀರಿಕೊಂಡರಂತೆ. ಪಾದ್ರಿಗೆ ತಿಳಿಸುವ ಮೊದಲು ಬರ್ಮಿಂಗ್‌ಹ್ಯಾಮಿನ ನನ್ನ ಗೆಳತಿಗೆ ತಿಳಿಸು ಎಂದು ಅವರೇ ಅಪ್ಪಣೆ ಮಾಡಿಟ್ಟಿದ್ದರಂತೆ. ಹೋಗುವಾಗಲೂ ಯಾರು ಯಾವ ಕೆಲಸ ಮಾಡಬೇಕು ಎಂದು ಹಂಚಿಯೇ ಹೋಗಿದ್ದಾರೆ. ದೊಡ್ಡವನಿಗೆ ಅವರು ಕೊಡುತ್ತಿದ್ದ ಬೆಣ್ಣೆ ಬಿಸ್ಕತ್ತು ನೆನಪಿರಬಹುದು. ಚಿಕ್ಕವಳಿಗೆ ಅದೂ ಇರಲಾರದು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿದ್ದಾಗಲೂ ನಾನು ಹೆಸರು ಹಿಡಿದು ಕರೆದವಳಲ್ಲ. ನಿಮ್ಮ ತಾತ ಕೆಲಸ ಮಾಡುತ್ತಿದ್ದ ದೊಡ್ಡ ಆಸ್ಪತ್ರೆಯಲ್ಲೇ ಅವರು ಒಂದು ವಾರ್ಡಿಗೆ ಸಿಸ್ಟರ್, ಅಂದರೆ ಅಲ್ಲಿನ ನರ್ಸುಗಳಿಗೆಲ್ಲ ಹಿರಿಯರು. ಹೊಸದಾಗಿ ಬಂದ ಡಾಕ್ಟರುಗಳು ರೋಗಿಗಳಿಗಿಂತ ಹೆಚ್ಚಾಗಿ ಸಿಸ್ಟರಿಗೆ ಹೆದರುತ್ತಿದ್ದರು ಎಂದು ತಾತ ನಗುತ್ತಿದ್ದರು. ರಿಟೈರಾದ ಮೇಲೂ ಎದೆಯ ಮೇಲೆ ನರ್ಸುಗಳು ತಲೆಕೆಳಗಾಗಿ ತೂಗಿಸಿಕೊಳ್ಳುವ ಪುಟ್ಟ ಗಡಿಯಾರವನ್ನು ಚುಚ್ಚಿಕೊಂಡೇ ಇರುತ್ತಿದ್ದರು. ಯಾರ ಕೈ ಕುಲುಕಿದರೂ ಅವರ ಎರಡು ಬೆರಳು ತಾನಾಗಿ ಮಣಿಕಟ್ಟಿಗೆ ಜಾರುತ್ತಿದ್ದವು. ಮಾತಾಡುತ್ತಲೇ ನಾಡಿ ನೋಡಿ ಮುಗಿಸುತ್ತಿದ್ದರು. “ಚೆನ್ನಾಗಿದೀನಿ ಅಂತ ಬಾಯಿ ಹೇಳುತ್ತೆ, ಕೈ ಬೇರೆ ಹೇಳ್ತಿದೆಯಲ್ಲ” ಎಂದು ನನಗೆ ಎಷ್ಟೋ ಸಲ ಹೇಳಿದ್ದಾರೆ. ಅವರ ಇಂಗ್ಲಿಷ್ ಮಾತನ್ನೆಲ್ಲ ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ. ಒಂದನ್ನು ಮಾತ್ರ ಹಾಗೇ ಬಿಡುತ್ತೇನೆ. ನನ್ನನ್ನು ಅವರು ‘ಹೆನ್’ ಎಂದು ಕರೆಯುತ್ತಿದ್ದರು. ಅವರ ಕಡೆ, ಸ್ಕಾಟ್ಲೆಂಡಿನಲ್ಲಿ, ಹೆಂಗಸರನ್ನು ಅಕ್ಕರೆಯಿಂದ ಹಾಗೇ ಕರೆಯುವುದು.

ನನ್ನ ವಿಷಯ ನಿಮಗೆ ಗೊತ್ತು. ತಿಪಟೂರಿನ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು. ಅಂಗಡಿಯಲ್ಲಿ ಬೇಕಾದದ್ದು ಎದುರಿಗೆ ಕಾಣದಿದ್ದರೆ ಕೇಳಲು ನಾಚಿಕೆಯಾಗಿ ವಾಪಸು ಬರುತ್ತಿದ್ದೆ. ಅಷ್ಟು ವರ್ಷ ಪಕ್ಕದ ಮನೆಯಲ್ಲಿದ್ದರೂ ಸಿಸ್ಟರ್ ಜೊತೆ ನನ್ನ ಮಾತು “ಗುಡ್ ಮಾರ್ನಿಂಗ್” ದಾಟಿರಲಿಲ್ಲ. ದಾಟಿದ್ದು ತಾತ ತೀರಿಕೊಂಡಾಗ. ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ನೆಂಟರು, ಆಸ್ಪತ್ರೆಯ ಕನ್ನಡದವರು ತಂದದ್ದು ಯಾವುದೂ ನನ್ನ ಗಂಟಲಲ್ಲಿ ಇಳಿದಿರಲಿಲ್ಲ. ಸಿಸ್ಟರ್ ಹಿಂಬಾಗಿಲಿನಿಂದ ಬಂದು, ಯಾರನ್ನೂ ಮಾತಾಡಿಸದೆ, ಒಂದು ಬಟ್ಟಲು ಓಟ್ಸಿನ ಗಂಜಿಯನ್ನು ನನ್ನ ಕೈಗಿಟ್ಟು ಎದುರಿಗೆ ಕೂತರು. ಇಲ್ಲಿಯವರು ಅದಕ್ಕೆ ಸಕ್ಕರೆ ಹಾಕುತ್ತಾರೆ. ಅವರು ಹಾಕಿದ್ದು ಉಪ್ಪು. ಒಂದು ಚಮಚ ಬಾಯಿಗಿಟ್ಟೆ, ನಮ್ಮಮ್ಮ ಜ್ವರ ಬಂದಾಗ ಕೊಡುತ್ತಿದ್ದ ರಾಗಿ ಗಂಜಿಯ ಹಾಗಿತ್ತು. ಬಟ್ಟಲು ಖಾಲಿಯಾಗುವವರೆಗೂ ಅವರು ಎದ್ದು ಹೋಗಲಿಲ್ಲ. ಅಂದಿನಿಂದ ನಮ್ಮ ನೆಂಟರೆಲ್ಲರ ಬಾಯಲ್ಲಿ ಅವರು ಗಂಜಿ ಸಿಸ್ಟರ್.

ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ. ಟೀ ಹೊತ್ತಿಗೆ ಅವರು ಮರದ ಸೌಟಿನಿಂದ ಗೋಡೆ ಕುಟ್ಟುತ್ತಿದ್ದರು, ನಾನು ಹೋಗುತ್ತಿದ್ದೆ. ಅಲ್ಲಿ ನಾನು ಕಲಿತದ್ದು ರಾಜಕೀಯ! ಪೋಸ್ಟಾಫೀಸಿನಲ್ಲಿ ಯಾರಾದರೂ ಸ್ಕಾಟ್ಲೆಂಡೂ ಸೇರಿದ ಇಡೀ ದೇಶಕ್ಕೇ ಇಂಗ್ಲೆಂಡ್ ಎಂದುಬಿಟ್ಟರೆ ಸಿಸ್ಟರ್ ಕ್ಯೂ ನಿಲ್ಲಿಸಿ ತಿದ್ದುತ್ತಿದ್ದರು. ಸ್ಕಾಟ್ಲೆಂಡಿಗೆ ತನ್ನದೇ ಪಾರ್ಲಿಮೆಂಟು ಬೇಕು, ಆಸ್ಪತ್ರೆ, ಶಾಲೆ, ಮುದುಕರ ಆರೈಕೆಯಂಥದ್ದನ್ನು ಅಲ್ಲಿಯವರೇ ನೋಡಿಕೊಳ್ಳಬೇಕು, ಎಲ್ಲದಕ್ಕೂ ಲಂಡನ್ನಿನ ಮುಖ ನೋಡಬಾರದು, ಇದು ಅವರ ಆಸೆ. ಯಾವ ಪಕ್ಷದವರೂ ಅವರಲ್ಲ.

“ನಮ್ಮಪ್ಪ ಸತ್ತ ಮೇಲೆ ಬೇಡ ಅಂತ ಓಟು ಹಾಕಿದ, ಗೊತ್ತಾ?” ಎಂದು ಒಂದು ದಿನ ಟೀ ಬಗ್ಗಿಸುತ್ತಾ ಹೇಳಿದರು. ನಾನು ಲೋಟ ಕೆಳಗಿಟ್ಟೆ. ಎಪ್ಪತ್ತೊಂಬತ್ತರಲ್ಲಿ ಇದೇ ವಿಷಯಕ್ಕೆ ಒಮ್ಮೆ ಓಟು ನಡೆದಿತ್ತಂತೆ. ಬೇಕು ಎಂದವರೇ ಹೆಚ್ಚು ಬಂದರಂತೆ. ಆದರೆ ಲಂಡನ್ನಿನವರು ಮೊದಲೇ ಒಂದು ಕಟ್ಟಳೆ ಮಾಡಿಟ್ಟಿದ್ದರು: ಓಟು ಹಾಕಿದವರಲ್ಲಿ ಹೆಚ್ಚು ಬಂದರೆ ಸಾಲದು, ಪಟ್ಟಿಯಲ್ಲಿ ಹೆಸರಿರುವ ಎಲ್ಲರಲ್ಲೂ ನೂರಕ್ಕೆ ನಲವತ್ತು ಮಂದಿ ಬೇಕು ಎನ್ನಬೇಕು. ಪಟ್ಟಿ ಬರೆದ ಮೇಲೆ ತೀರಿಹೋದ ಅವರ ಅಪ್ಪನ ಹೆಸರು ಅದರಲ್ಲಿ ಇನ್ನೂ ಇತ್ತು. ಓಟಿಗೆ ಬಾರದವರೆಲ್ಲ ಬೇಡ ಎಂದ ಹಾಗೆಯೇ ಆಗಿ, ಪಾರ್ಲಿಮೆಂಟು ಬರಲಿಲ್ಲ. “ಬದುಕಿದ್ದಷ್ಟು ದಿನ ಪಾರ್ಲಿಮೆಂಟು ಪಾರ್ಲಿಮೆಂಟು ಅಂತ ನಮ್ಮ ತಲೆ ತಿಂದ ಮನುಷ್ಯ, ಹೆನ್! ಅವನ ಬಾಯಲ್ಲಿ ಬೇಡ ಅನ್ನಿಸಿದರು.” ನಕ್ಕೇ ಹೇಳಿದರು. ಟೀ ಮಾತ್ರ ತಟ್ಟೆಗೆ ಚೆಲ್ಲಿತ್ತು.

ತೊಂಬತ್ತೇಳರಲ್ಲಿ ಸರ್ಕಾರ ಬದಲಾಗಿ, ಸೆಪ್ಟೆಂಬರಿನಲ್ಲಿ ಮತ್ತೆ ಓಟು ಎಂದಾಯಿತು. ಈ ಸಲ ಆ ನಲವತ್ತರ ಕಟ್ಟಳೆ ಇಲ್ಲ. ಅವರ ಸಂತೋಷ ನೋಡಬೇಕೆಂದು ನಾನು ಓಡಿಹೋದರೆ, ಸಿಸ್ಟರ್ ಪೇಪರು ಮಡಿಸಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

“ನನಗೆ ಓಟಿಲ್ಲ, ಹೆನ್.”

“ನೀವು ಅಲ್ಲೇ ಹುಟ್ಟಿದವರಲ್ಲವೇ?”

“ಹುಟ್ಟಿದ್ದು ಲೆಕ್ಕಕ್ಕಿಲ್ಲ. ಈಗ ಮನೆ ಎಲ್ಲಿದೆ ಅನ್ನೋದಷ್ಟೇ ಲೆಕ್ಕ. ನನ್ನ ಮನೆ ಹಾರ್ಬೋರ್ನ್‌ನಲ್ಲಿದೆ.”

ನನಗೆ ನಿಮ್ಮ ಡಂಡೀ ಚಿಕ್ಕಪ್ಪನ ನೆನಪಾಯಿತು. ನನ್ನ ಮೈದುನನ ಮಗ. ಆಗ ಅವನು ಸ್ಕಾಟ್ಲೆಂಡಿನ ಆ ಊರಿನ ಆಸ್ಪತ್ರೆಯಲ್ಲಿ ಟ್ರೈನಿಂಗಿನಲ್ಲಿದ್ದ. ಪಾಸ್‌ಪೋರ್ಟು ಇಂಡಿಯಾದ್ದೇ. “ಹಾಗಾದರೆ ನಮ್ಮ ಹುಡುಗನಿಗೆ ಓಟಿದೆಯೇ?” ಎಂದು ಹೆದರುತ್ತಲೇ ಕೇಳಿದೆ. ಇಂಡಿಯಾದಂಥ ಕಾಮನ್‌ವೆಲ್ತ್ ದೇಶದವರು ಅಲ್ಲಿ ಮನೆ ಮಾಡಿದ್ದರೆ ಅವರಿಗೂ ಓಟಿತ್ತು. ಸಿಸ್ಟರ್ ನನ್ನನ್ನೇ ನೋಡಿದರು. ಆಮೇಲೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ನಿನ್ನ ಇಂಡಿಯಾದ ಹುಡುಗನಿಗೆ ಉಂಟು, ನನಗಿಲ್ಲ! ತಗೋ ಫೋನು.”

ನಾನಾಗಿ ಯಾರಿಗೂ ಫೋನು ಮಾಡಿದವಳಲ್ಲ. ಅವನು ಗಾಬರಿಯಾದ.

“ದೊಡ್ಡಮ್ಮ, ನೀವಾ? ಏನಾಯ್ತು? ಎಲ್ರೂ ಚೆನ್ನಾಗಿದೀರ ತಾನೆ?”

“ಚೆನ್ನಾಗಿದೀವಿ ಕಣೋ. ನೀನು ಓಟು ಹಾಕ್ಬೇಕಂತೆ.”

“ಯಾವ ಓಟು?”

“ನಿಮ್ಮೂರಿಗೆ ಪಾರ್ಲಿಮೆಂಟು ಬೇಕಾ ಬೇಡ್ವಾ ಅಂತ.”

“ನಮ್ಮೂರು ತಿಪಟೂರಲ್ವಾ ದೊಡ್ಡಮ್ಮ!”

“ತಮಾಷೆ ಸಾಕು. ಓಟಿನ ಕಾರ್ಡು ಬಂದಿದ್ಯೋ ಇಲ್ವೋ?”

“ಬಂದಿದೆ, ಡ್ರಾಯರ್‌ನಲ್ಲಿ ಬಿದ್ದಿದೆ. ಅವತ್ತು ನಂಗೆ ಆನ್ ಕಾಲ್ ಡ್ಯೂಟಿ ಬೇರೆ. ಇವರ ಮನೆ ವಿಷಯ, ಮಧ್ಯೆ ನಾವ್ಯಾಕೆ ತಲೆ ಹಾಕೋದು?”

“ಆ ಕಾರ್ಡು ತನಗೆ ಬರ್ಲಿಲ್ವಲ್ಲ ಅಂತ ಆ ಮನೇಲೇ ಹುಟ್ಟಿದೋರೊಬ್ರು ನನ್ನ ಪಕ್ಕ ಕೂತಿದಾರೆ. ಬೇಕು ಅಂತಾನಾದ್ರೂ ಹಾಕು, ಬೇಡ ಅಂತಾನಾದ್ರೂ ಹಾಕು, ಡ್ರಾಯರ್‌ನಲ್ಲಿ ಮಾತ್ರ ಬಿಡ್ಬೇಡ.”

“ಯಾರು, ಗಂಜಿ ಸಿಸ್ಟರಾ? ಮೊದಲೇ ಹೇಳ್ಬಾರ್ದಾ! ಡ್ಯೂಟಿಗೆ ಹೋಗೋಕ್ ಮುಂಚೆ ಹಾಕೇ ಹೋಗ್ತೀನಿ ಬಿಡಿ.”

ನನ್ನ ಜೀವಮಾನದ ಮೊದಲ ಭಾಷಣ ಅದು. ಒಂದು ಮಾತೂ ಅರ್ಥವಾಗದೆ ಪಕ್ಕದಲ್ಲಿ ಕೂತಿದ್ದ ಸಿಸ್ಟರ್, ನಾನು ಫೋನಿಟ್ಟ ಕೂಡಲೇ ಕೈ ಹಿಡಿದುಕೊಂಡರು. “ನಾಡಿ ಕುದುರೆ ಓಡಿದ ಹಾಗೆ ಓಡ್ತಿದೆ” ಎಂದರು.

ಅಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. ಓಟಿಲ್ಲದಿದ್ದರೂ ಕಾಲಿದೆ ಎಂದು ಪೆಟ್ಟಿಗೆ ಕಟ್ಟಿ ಫೈಫ್‌ಗೆ, ತಾವು ಹುಟ್ಟಿದ ಸಮುದ್ರದಂಡೆಯ ಊರಿಗೆ, ಹೊರಟರು. ಮನೆಮನೆಯ ಬಾಗಿಲು ತಟ್ಟಿ, ಓಟು ಹಾಕಿ ಎಂದು ಕೇಳುವುದಕ್ಕೆ. ಆ ಓಟಿನಲ್ಲಿ ಎರಡು ಪ್ರಶ್ನೆಗಳಿದ್ದವು. ಪಾರ್ಲಿಮೆಂಟು ಬೇಕೇ ಎನ್ನುವುದು ಮೊದಲನೆಯದು. ಅದಕ್ಕೆ ತೆರಿಗೆಯನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡುವ ಅಧಿಕಾರ ಇರಬೇಕೇ ಎನ್ನುವುದು ಎರಡನೆಯದು. ಹೊರಡುವ ಮುಂಚೆ ಅದನ್ನು ನನಗೆ ವಿವರಿಸುತ್ತಿದ್ದಾಗ ನಾನು, “ನಮ್ಮ ಕಡೆ ಸೊಸೆಗೆ ಅಡುಗೆಮನೆ ಬಿಟ್ಟುಕೊಡುತ್ತಾರೆ, ಉಗ್ರಾಣದ ಬೀಗದ ಕೈ ಅತ್ತೆಯ ಸೊಂಟದಲ್ಲೇ ಇರುತ್ತದೆ, ಅದೂ ಸೊಸೆಗೆ ಬೇಕೇ ಎಂದು ತಾನೇ?” ಎಂದೆ. ಸಿಸ್ಟರ್ ಅದನ್ನು ಮತ್ತೊಮ್ಮೆ ಹೇಳಿಸಿಕೊಂಡರು. ಫೈಫ್‌ನ ಬಾಗಿಲು ಬಾಗಿಲಿನಲ್ಲೂ “ನಮ್ಮ ಪಕ್ಕದ ಮನೆಯ ಇಂಡಿಯಾದ ಹೆಂಗಸು ಹೇಳುತ್ತಾಳೆ” ಎಂದು ಅದನ್ನೇ ಹೇಳಿದರಂತೆ. ಹೆಂಗಸರೆಲ್ಲ ಒಂದೇ ಏಟಿಗೆ ಅರ್ಥ ಮಾಡಿಕೊಂಡರಂತೆ. ನಮ್ಮತ್ತೆಯ ಬೀಗದ ಕೈ ಅಷ್ಟು ದೂರ ಹೋಗುತ್ತದೆ ಎಂದು ಯಾರು ಎಣಿಸಿದ್ದರು!

ಒಂದು ಬಾಗಿಲಿನಲ್ಲಿ ಮಾತ್ರ ಒಬ್ಬ ಗಂಡಸು, “ನೀನಿರೋದು ಇಂಗ್ಲೆಂಡಿನಲ್ಲಿ. ಊರು ಬಿಟ್ಟು ಹೋದವಳಿಗೆ ಇಲ್ಲಿನ ಉಸಾಬರಿ ಯಾಕೆ?” ಎಂದು ಬಾಗಿಲು ಹಾಕಿಕೊಂಡನಂತೆ. ಎಲ್ಲವನ್ನೂ ಜೋರಾಗಿ ಹೇಳುವ ಸಿಸ್ಟರ್ ಇದನ್ನು ಮೆಲ್ಲಗೆ ಹೇಳಿದರು.

ಎರಡು ಪ್ರಶ್ನೆಗೂ ಬೇಕು ಎಂದೇ ಬಂತು. ಆ ಬೆಳಿಗ್ಗೆ ಅವರು ಗೋಡೆ ಕುಟ್ಟಿದ ಏಟಿಗೆ ನಮ್ಮ ವೆಂಕಟರಮಣನ ಪಟ ವಾಲಿಕೊಂಡಿತು. ಎರಡು ವರ್ಷದ ಮೇಲೆ ಎಡಿನ್‌ಬರೋದಲ್ಲಿ ಪಾರ್ಲಿಮೆಂಟು ತೆರೆಯುವುದನ್ನು ನಮ್ಮ ಟೀವಿಯಲ್ಲೇ ನೋಡಿದರು. ಶುರುವಿನಿಂದ ಕೊನೆಯವರೆಗೂ ನಿಂತೇ ನೋಡಿದರು. ಹಿರಿಯರು ನಿಂತಿರುವಾಗ ನಾನು ಹೇಗೆ ಕೂರಲಿ, ನಾನೂ ನಿಂತೆ. ಆಗ ಬಂದ ನಿಮ್ಮಪ್ಪ, “ಇದೇನಮ್ಮ, ಟೀವಿ ಮುಂದೆ ಪೆರೇಡಾ?” ಎಂದ. ಸಿಸ್ಟರ್ ತಿರುಗಿಯೂ ನೋಡದೆ ಅವನಿಗೂ ನಿಲ್ಲು ಎಂದು ಸನ್ನೆ ಮಾಡಿದರು. ಸೋಲಿಹಲ್‌ನ ಫ್ಯಾಮಿಲಿ ಡಾಕ್ಟರು, ನಿಮ್ಮಪ್ಪ, ಬ್ಯಾಗು ಹಿಡಿದುಕೊಂಡೇ ನಿಂತುಬಿಟ್ಟ.

ಎರಡು ಸಾವಿರದ ಎರಡನೇ ಇಸವಿ ಶುರುವಾಗುವ ಚಳಿಯಲ್ಲಿ ಸಿಸ್ಟರ್ ಹಿತ್ತಲ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದರೂ ಒಬ್ಬರೇ ಸ್ನಾನ ಮಾಡಲು, ಕಾಲುಚೀಲ ಹಾಕಿಕೊಳ್ಳಲು ಆಗದು. ಮನೆಗೇ ಬಂದು ಸ್ನಾನ ಮಾಡಿಸಿ ಬಟ್ಟೆ ಹಾಕುವವರನ್ನು ನಗರಸಭೆಯಂಥ ಇಲ್ಲಿನ ಕೌನ್ಸಿಲ್‌ನವರು ಕಳಿಸುತ್ತಾರೆ. ಅದಕ್ಕೆ ಮೊದಲು ಒಬ್ಬ ಅಧಿಕಾರಿ ಬಂದು, ಎಷ್ಟು ಆಗುತ್ತದೆ ಎಷ್ಟು ಆಗುವುದಿಲ್ಲ ಎಂದು ನೋಡುತ್ತಾರೆ.

ಅಧಿಕಾರಿ ಮನೆಗೆ ಬರುತ್ತಾರೆ ಎಂದ ಮೇಲೆ ಇನ್ನೇನು! ನಾನು ಹಿಂದಿನ ದಿನವೇ ಹೋಗಿ ಸಿಸ್ಟರ್ ಮನೆಯ ಕಿಟಕಿ ಒರೆಸಿ, ಕಾರ್ಪೆಟ್ಟು ಗುಡಿಸಿ, ಹಿತ್ತಾಳೆಯ ಹಿಡಿಕೆಗಳಿಗೆ ಹುಣಸೆಹಣ್ಣು ತಿಕ್ಕಿ ಫಳಫಳ ಮಾಡಿದೆ. ಬಾಗಿಲಲ್ಲಿ ಪುಟ್ಟದೊಂದು ರಂಗೋಲಿ ಎಳೆದೆ. ಕೋಡುಬಳೆ ಕರಿದೆ. ಸಿಸ್ಟರ್ ನೀಲಿ ಸೂಟು ಹಾಕಿಸಿಕೊಂಡು, ಗಡಿಯಾರ ಚುಚ್ಚಿಕೊಂಡು, ನನ್ನಿಂದ ತಲೆ ಬಾಚಿಸಿಕೊಂಡು ನೆಟ್ಟಗೆ ಕೂತರು. ಬಂದವಳು ಚಿಕ್ಕ ವಯಸ್ಸಿನ ಹುಡುಗಿ, ಬಹಳ ಮರ್ಯಾದೆಯಿಂದ ಕೇಳಿದಳು.

“ಮೆಟ್ಟಿಲು ಹತ್ತುತ್ತೀರಾ?”

ಸಿಸ್ಟರ್ ಎದ್ದು, ಹಲ್ಲು ಕಚ್ಚಿಕೊಂಡು ಹತ್ತಿ, ಇಳಿದು, ಅವಳಿಗೆ ಟೀ ಬಗ್ಗಿಸಿದರು.

“ಸ್ನಾನ?”

“ಅರ್ಧ ಬರ್ಮಿಂಗ್‌ಹ್ಯಾಮಿಗೆ ಸ್ನಾನ ಮಾಡಿಸಿದ ಕೈ ಇದು, ತಾಯಿ.”

ಹುಡುಗಿ ನಕ್ಕಳು. ಇಷ್ಟು ಚೆನ್ನಾಗಿರುವವರಿಗೆ ಸಹಾಯ ಬೇಕಾಗಲಾರದು, ಬೇಕಾದರೂ ಪೆನ್ಷನ್, ಉಳಿತಾಯ ಇರುವವರು ತಾವೇ ಖರ್ಚು ನೋಡಿಕೊಳ್ಳಬೇಕಾಗುತ್ತದೆ ಎಂದು ಹೇಳಿ, ಎರಡು ಕೋಡುಬಳೆ ತಿಂದು ಹೋದಳು. ಬಾಗಿಲು ಮುಚ್ಚಿದ ಮೇಲೆ ಸಿಸ್ಟರ್ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತರು. ನಾನೊಬ್ಬಳೇ ಎಬ್ಬಿಸಲಾಗಲಿಲ್ಲ, ನಿಮ್ಮಪ್ಪನನ್ನು ಕರೆಸಬೇಕಾಯಿತು. ಅವನು ರಂಗೋಲಿ ದಾಟಿ ಒಳಗೆ ಬಂದವನೇ ತಲೆ ಚಚ್ಚಿಕೊಂಡ.

“ಅಸೆಸ್‌ಮೆಂಟ್ ದಿನ ಯಾರಾದ್ರೂ ಹಿಂಗ್ ಮಾಡ್ತಾರಾ? ವರ್ಸ್ಟ್ ಡೇ ಹೆಂಗಿರುತ್ತೋ ಅದನ್ನ ತೋರಿಸಿ ಅಂತ ನಾವು ಪೇಷಂಟ್ಸ್‌ಗೆ ಹೇಳ್ತೀವಿ. ನೀವು ನೋಡಿದ್ರೆ ಹೆಣ್ಣು ನೋಡೋಕೆ ಬರ್ತಾರೆ ಅನ್ನೋ ಥರ ಸಿಂಗಾರ ಮಾಡಿ ಕೂರಿಸಿದೀರಲ್ಲಮ್ಮ!”

ಏನು ಹೇಳಿದ ಎಂದು ಸಿಸ್ಟರ್ ಕೇಳಿದರು. ಅವನು ಇಂಗ್ಲಿಷಿನಲ್ಲಿ ಹೇಳಿದ. “ಒಪ್ಪಿಗೆ ಆದೆನಲ್ಲ, ಅದೇ ತೊಂದರೆ” ಎಂದರು ಸಿಸ್ಟರ್. ಮೂವರೂ ನಕ್ಕೆವು. ಆದರೆ ಅವರು ಬೆರಳು ಬಿಡಿಸಿಕೊಳ್ಳಲಾಗದ ಹಾಗೆ ಮೆಟ್ಟಿಲ ಕಂಬಿ ಹಿಡಿದುಕೊಂಡಿದ್ದರು.

ಸ್ನಾನ ನಾನೇ ಮಾಡಿಸುತ್ತೇನೆ ಎಂದೆ. “ನೀನು ನನ್ನ ಸ್ನೇಹಿತೆ, ಹೆನ್. ನರ್ಸಿನ ಮುಂದೆ ಬಟ್ಟೆ ಬಿಚ್ಚುತ್ತೀನಿ, ಸ್ನೇಹಿತೆ ಮುಂದೆ ಇಲ್ಲ” ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಅಡುಗೆಮನೆಯ ಸಿಂಕಿನ ಮುಂದೆ ನಿಂತು ಟವೆಲ್ಲು ಅದ್ದಿ ಒರೆಸಿಕೊಂಡೇ ದಿನ ತಳ್ಳಿದರು. ಸೋಪಿನಿಂದ ಮೈ ತೊಳೆದು ಎಷ್ಟೋ ವಾರಗಳಾಗಿದ್ದವು. ವಾರ್ಡಿನಲ್ಲಿ ಒಂದು ಸುಕ್ಕಿದ್ದರೂ ಇಡೀ ಹಾಸಿಗೆ ಬದಲಾಯಿಸುತ್ತಿದ್ದ ಹೆಂಗಸು.

ಅದೇ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಮಾಡಿದ ಹೊಸ ಕಾನೂನೊಂದು ಅಲ್ಲಿ ಜಾರಿಗೆ ಬಂತು. ಅರವತ್ತೈದು ದಾಟಿದವರಿಗೆ ಬೇಕಾದ ಆರೈಕೆಯನ್ನು, ಅವರ ಬಳಿ ಏನಿದೆ ಏನಿಲ್ಲ ಎಂದು ಕೇಳದೆ ಪುಕ್ಕಟೆಯಾಗಿ ಕೊಡುವುದು. ಲಂಡನ್ನಿನವರಿಗೆ ಅದು ಹಿಡಿಸಿರಲಿಲ್ಲ, ಅಲ್ಲಿಗೂ ಇಲ್ಲಿಗೂ ಸಾಕಷ್ಟು ಜಟಾಪಟಿ ನಡೆದಿತ್ತು. “ಇದಕ್ಕೇ ಅಲ್ಲವೇ ಬೇರೆ ಒಲೆ ಹೂಡಿದ್ದು” ಎಂದು ಸಿಸ್ಟರ್ ಹೆಮ್ಮೆಯಿಂದ ಪೇಪರು ತೋರಿಸಿದರು. ಅವರ ತಮ್ಮ ದಿನಾ ಫೋನು ಮಾಡತೊಡಗಿದರು: ಬಂದುಬಿಡು ಅಕ್ಕ, ಕೆಳಗಿನ ಕೋಣೆ ನಿನಗೇ.

ಸಿಸ್ಟರ್ ಒಪ್ಪಲಿಲ್ಲ. “ಅಡುಗೆ ಮಾಡುವಾಗ ಇರಲಿಲ್ಲ, ಎಲೆ ಹಾಕಿದ ಮೇಲೆ ಬಂದಳು ಅಂತಾರೆ. ಆ ಬಾಗಿಲು ಹಾಕಿಕೊಂಡನಲ್ಲ, ಅವನ ಮಾತೇ ನಿಜವಾಗುತ್ತೆ” ಎಂದರು. ಒಳಗೊಳಗೇ ನನಗೆ ಸಮಾಧಾನವಾಯಿತು. ಅವರು ಹೋದರೆ ನಾನು ಬಾಯಿಬಿಟ್ಟು ಮಾತಾಡುವುದು ಯಾರ ಹತ್ತಿರ?

ಆದರೆ ಒಂದು ಮಧ್ಯಾಹ್ನ ಅವರು ಮೊಣಕೈ ಎತ್ತಲಾರದೆ, ಕತ್ತಿನ ಹಿಂದೆ ಒರೆಸಿಕೊಳ್ಳಲು ಹೆಣಗುತ್ತಿದ್ದುದು ಕಿಟಕಿಯಿಂದ ಕಂಡಿತು. ನಾನು ಅವತ್ತು ಗೋಡೆ ಕುಟ್ಟುವುದನ್ನು ಕಾಯದೆ ಹೋದೆ. ಗೊತ್ತಿದ್ದ ಅಷ್ಟೂ ಇಂಗ್ಲಿಷನ್ನು ಒಟ್ಟು ಮಾಡಿಕೊಂಡು ಹೇಳಿದೆ: “ಸಿಸ್ಟರ್, ನಮ್ಮ ಕಡೆ ಹೆಣ್ಣು ಮಗಳು ಮದುವೆಯಾಗಿ ದೂರ ಹೋಗುತ್ತಾಳೆ. ಹೆರಿಗೆಗೆ ತವರಿಗೆ ಬರುತ್ತಾಳೆ. ಬಾಣಂತಿಗೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಮೈ ಒರೆಸುವುದು ತವರಿನವರ ಕೆಲಸ. ಇಷ್ಟು ದಿನ ಎಲ್ಲಿದ್ದೆ ಎಂದು ಅವಳನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ತವರಿಗೇ ಅವಮಾನ.”

ಅಷ್ಟು ಉದ್ದದ ಮಾತನ್ನು ನಾನು ಇಂಗ್ಲಿಷಿನಲ್ಲಿ ಹಿಂದೆ ಆಡಿರಲಿಲ್ಲ. ಸಿಸ್ಟರ್ ಬಹಳ ಹೊತ್ತು ಟವೆಲ್ಲು ಮಡಿಸಿದರು, ಬಿಚ್ಚಿದರು. “ನಾನು ಹೋಗಲಿ ಅಂತ ನಿನಗೆ ಇಷ್ಟವಾ?” ಎಂದರು.

“ಇಲ್ಲ” ಎಂದೆ.

“ಸರಿ. ಹಾಗಾದರೆ ನಿನ್ನ ಮಾತು ಕೇಳಬಹುದು.”

ಚಳಿಗಾಲಕ್ಕೆ ಮುಂಚೆ ಹೋದರು. ಅಲ್ಲೂ ಒಬ್ಬ ಅಧಿಕಾರಿ ಬಂದು, ಏನು ಆಗುತ್ತದೆ ಏನು ಆಗುವುದಿಲ್ಲ ಎಂದು ಕೇಳಿದರಂತೆ. ಆರೈಕೆ ಬೇಕೇ ಬೇಡವೇ ಎಂದು ಅಲ್ಲೂ ನೋಡಲೇಬೇಕಲ್ಲ. ಸಿಸ್ಟರ್ ಡ್ರೆಸ್ಸಿಂಗ್ ಗೌನಿನಲ್ಲೇ ಕೂತು, “ಆಗಲ್ಲ, ಅದೂ ಆಗಲ್ಲ” ಎಂದು ಒಂದೊಂದನ್ನೂ ಇದ್ದ ಹಾಗೇ ಹೇಳಿದರಂತೆ. ನನಗೆ ಫೋನಿನಲ್ಲಿ, “ಯಾರ ಮುಂದೆಯೂ ಕೈಚಾಚಿದ ಹಾಗೆ ಅನಿಸಲಿಲ್ಲ, ಹೆನ್. ಇದನ್ನು ತರೋದಕ್ಕೆ ನಾನೂ ಊರೆಲ್ಲ ಅಲೆದಿದ್ದೆನಲ್ಲ” ಎಂದರು. ಮರುದಿನದಿಂದ ಬೆಳಿಗ್ಗೆ ಬೆಳಿಗ್ಗೆ ಒಬ್ಬ ಹುಡುಗಿ ಬರತೊಡಗಿದಳು. ಅವಳು ಟವೆಲ್ಲು ಮಡಿಸುವ ರೀತಿ ಸರಿಯಿಲ್ಲ ಎಂದು ಸಿಸ್ಟರ್ ದೂರು ಹೇಳಿದ ದಿನ, ಇನ್ನು ಇವರ ಬಗ್ಗೆ ಚಿಂತೆಯಿಲ್ಲ ಎಂದುಕೊಂಡೆ.

ಮುಂದಿನ ಮೇ ತಿಂಗಳಲ್ಲಿ ಆ ಪಾರ್ಲಿಮೆಂಟಿಗೆ ಚುನಾವಣೆ ಬಂತು. ಈಗ ಸಿಸ್ಟರ್ ಮನೆ ಫೈಫ್‌ನಲ್ಲಿತ್ತು. ಅಂದರೆ ಓಟಿತ್ತು. ಬಾ ಎಂದು ಅವರು ಹೇಳಲಿಲ್ಲ, ದಿನಾಂಕವನ್ನು ಮಾತ್ರ ಫೋನಿನಲ್ಲಿ ಮತ್ತೆ ಮತ್ತೆ ಹೇಳಿದರು. ನಾನು ಒಬ್ಬಳೇ ನ್ಯೂ ಸ್ಟ್ರೀಟ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ನಿಮ್ಮಪ್ಪ, “ಎಡಿನ್‌ಬರೋದಲ್ಲಿ ರೈಲು ಬದಲಾಯಿಸ್ಬೇಕು, ಯಾರನ್ನಾದ್ರೂ ಕೇಳಿ, ನಾಚ್ಕೋಬೇಡಿ” ಎಂದು ಎಷ್ಟು ಸಲ ಹೇಳಿದನೋ. ಕೇಳಿದೆ. ಒಬ್ಬರನ್ನಲ್ಲ, ಇಬ್ಬರನ್ನು ಕೇಳಿದೆ.

ಓಟಿನ ದಿನ ಬೆಳಿಗ್ಗೆ ಆ ಹುಡುಗಿ ಸಿಸ್ಟರಿಗೆ ಸ್ನಾನ ಮಾಡಿಸಿ, ಹಸಿರು ಉಣ್ಣೆಯ ಲಂಗ ತೊಡಿಸಿ, ಒಂದೊಂದೇ ಗುಂಡಿ ಹಾಕಿದಳು. ಅವಳು ಬೂಟಿನ ದಾರ ಕಟ್ಟಲು ಬಗ್ಗಿದಾಗ ಸಿಸ್ಟರ್, “ನೀನು ಓಟು ಹಾಕಿದೆಯಾ?” ಎಂದು ಕೇಳಿದರು. “ನಂಗೆ ಅದರಲ್ಲೆಲ್ಲ ಆಸಕ್ತಿಯಿಲ್ಲ” ಎಂದಳು ಅವಳು. “ನಿನ್ನ ಈ ಕೆಲಸ ಇರೋದು ಅದರಿಂದ ಕಣೇ. ನಡಿ ನಮ್ಮ ಜೊತೆ” ಎಂದು ಅವಳನ್ನೂ ಹೊರಡಿಸಿದರು.

ಓಟಿನ ಜಾಗ ಒಂದು ಶಾಲೆ. ಸಿಸ್ಟರ್ ವಾಕರ್ ಹಿಡಿದು ನಡೆದೇ ಹೋದರು. ಮೇಜಿನ ಹಿಂದಿನವರು ಪಟ್ಟಿಯಲ್ಲಿ ಹೆಸರು ಹುಡುಕುತ್ತಿದ್ದಾಗ ಸಿಸ್ಟರ್ ಕಿವಿ ಕೆಂಪಾದದ್ದು ನನಗೆ ಬಾಗಿಲಿನಿಂದಲೇ ಕಂಡಿತು. ಹೆಸರು ಸಿಕ್ಕಿತು. ಕಾಗದಗಳನ್ನು ತೆಗೆದುಕೊಂಡು ಮರೆಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಆ ಹುಡುಗಿ ತನ್ನದನ್ನು ಹಾಕಿ ಬಂದು, “ಅಜ್ಜಿ ಅಲ್ಲೇನು ಚಿತ್ರ ಬರೀತಿದಾರಾ?” ಎಂದಳು. ಕೊನೆಗೆ ಬಂದರು. ಕಾಗದಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ಡಬ್ಬಿಯ ಮೇಲೆ ಅಂಗೈಯಿಟ್ಟು ಒಂದು ಸಲ ತಟ್ಟಿದರು, ಮಗುವಿನ ಬೆನ್ನು ತಟ್ಟಿದ ಹಾಗೆ.

ಹೊರಗೆ ಸಮುದ್ರದ ಗಾಳಿ ಹೊಡೆಯುತ್ತಿತ್ತು. ನನ್ನ ಸೆರಗು ನಿಲ್ಲುತ್ತಿರಲಿಲ್ಲ. ಓಟಿಗೆ ಬರುವವರೆಲ್ಲ ನನ್ನ ಸೀರೆಯನ್ನೇ ನೋಡುತ್ತಿದ್ದರು. ಮನೆಗೆ ಹೋಗೋಣ, ಚಳಿ ಎಂದೆ.

“ಸ್ವಲ್ಪ ತಡಿ, ಹೆನ್” ಎಂದು ಸಿಸ್ಟರ್ ಗೇಟಿನ ಪಕ್ಕ ವಾಕರ್ ಊರಿ ನಿಂತರು. “ನಾನು ಓಟು ಹಾಕಿ ಬಂದದ್ದನ್ನು ನಾಲ್ಕು ಜನ ನೋಡಲಿ.”

ಅವರಿಗೆ ಸಾಕು ಎನಿಸುವವರೆಗೂ ನಾನು ಅವರ ಪಕ್ಕದಲ್ಲಿ ನಿಂತಿದ್ದೆ.